ಸಭಿ ರಾತ್ರಿ ಕರೀರಿ

ಕಾಗದದಾಗ ನಲವತ್ತೊಂದು ಕಂಬ.
ಬಿಸಿಲು ಕುಡದು ರಾತ್ರಿ ಉರಿಯೂ ದೀಪ,
ಸರಕಾರದ ರೊಕ್ಕ, ಅಂದ್ರ ನಮ್ಮದಽ.
ಕಂಬಕ್ಕೊಂದು ನಂಬರ, ನಂಬರಿಗೊಂದು ಫೋಟೋ.
ಫೋಟೋದಾಗೆಲ್ಲಾ ಮಟಮಟ ಮಧ್ಯಾಹ್ನ.

ಆ ಝೆರಾಕ್ಸ್ ಕೈಗಿ ಬರಾಕ ಐವತ್ತೆರಡು ದಿನ.
ಅಕ್ಷರ ಮಸಕು, ಸಹಿ ಮಾತ್ರ ಕರ್ರಗ ಎದ್ದು ಕಾಣತಿದ್ದವು.
ರಾಜಮಾ ಕನ್ನಡಕ ಏರಿಸಿ ನೋಡಿ ನೋಡಿ ನಕ್ಕಳು:
ಒಂಬತ್ತನೇ ಕಂಬದ ಬುಡಕ ಮಲಗಿದ ಕಂದು ನಾಯಿ
ಹದಿನಾಕರಾಗೂ ಐತಿ, ಇಪ್ಪತ್ತೇಳರಾಗೂ ಐತಿ,
ಅದಽ ಮಗ್ಗಲು, ಅದಽ ಬಾಲ.
"ನಾಯೀನೂ ಗುತ್ತಿಗಿ ಹಿಡದೈತೇನವಾ?"

ನಾ ಖಣ ನೇಯಾಕಿ. ಗುಳೇದಗುಡ್ಡದ ಸೆರಗಿನಾಗ ನಮ್ಮೂರು.
ಒಂದು ಎಳಿ ತಪ್ಪಿದರ ದಡಿ ಸುಮ್ಮನಿರೂದಿಲ್ಲ,
ಬೆರಳಿಗಿ ಬಂದು ಹೇಳತೈತಿ.
ತಪಾಸಣಿ ತಂಡಕ್ಕ ಹೆಸರು ಕೇಳಿದಾಗ
"ಎಣಿಸೂದಷ್ಟಽ ಬರತೈತ್ರಿ" ಅಂದಿದ್ದೆ.
"ಅಷ್ಟಽ ಸಾಕು" ಅಂದ್ರು.

ಅಮಾಸಿ ಆಗಿ ಎರಡನೇ ರಾತ್ರಿ ಹೊಂಟ್ವಿ,
ನಾನು, ರಾಜಮಾ, ಹೂಗಾರ ಓಣಿ ನೀಲಾಂಬಿಕಾ.
ಕತ್ತಲಾಗ ಪೆನ್ನು ಕಾಣೂದಿಲ್ಲಂತ ಹಾಸಿನ ಎಳಿ ಒಯ್ದಿದ್ದೆ:
ಉರಿಯೂದಕ್ಕ ಒಂಟಿ ಗಂಟು,
ಆರಿದ್ದಕ್ಕ ಜೋಡಿ ಗಂಟು,
ಕಾಗದದಾಗಿದ್ದು ನೆಲದ ಮ್ಯಾಲ ಇಲ್ಲದ್ದಕ್ಕ
ಗಂಟಽ ಇಲ್ಲ, ಒಂದು ಗೇಣು ಬರೇ ಎಳಿ.

ಕೆಂಪು ಗುಡ್ಡದ ಕಡಿಂದ ಗಾಳಿ.
ಬಾಣಂತಿ ದ್ಯಾಮವ್ವ ಬಾಗಿಲ ಸಂದ್ಯಾಗಿಂದ ಕೇಳಿದಳು:
"ಏನ ಕಳಕೊಂಡೀರೆವ್ವಾ?"
ಬೆಳಕು ಅನ್ನಾಕ ನಾಚಿಕಿ ಬಂತು.

ಮೊದಲನೇ ಸಭಿ ಹಗಲೊತ್ತು.
ಕಟಗೇರಿ ಸಾಹೇಬ್ರು ಕಿಟಕ್ಯಾಗಿಂದ ಬೊಟ್ಟು ಮಾಡಿದರು:
"ಅಗೋ, ನಿಂತಿಲ್ಲೇನ್ರಿ ಕಂಬ?"
ನಿಂತಿತ್ತು. ಬಿಸಿಲಿನಾಗ
ಸತ್ತ ದೀಪಕ್ಕೂ ಬದುಕಿದ ದೀಪಕ್ಕೂ ಒಂದಽ ಮಾರಿ.
ರಾಜಮಾ ಎದ್ದಳು:
"ದೀಪದ ಲೆಕ್ಕ ಹೊತ್ತಿದ್ದಾಗ ಯಾರ ಕೊಡತಾರ್ರಿ ಸಾಹೇಬ್ರ?
ಸಭಿ ರಾತ್ರಿ ಕರೀರಿ."
ಮಂದಿ ನಕ್ಕರು. ಆಮ್ಯಾಲ ನಗಲಿಲ್ಲ.

ಆ ವಾರ ಒಂದು ಸಂಜಿ ಕರೆಂಟ್ ಹೋತು.
ನನ್ನ ಮಗ್ಗದ ಮ್ಯಾಲಿನ ಬಲ್ಬು ಹೋಗಲಿಲ್ಲ.
ಎಂದೂ ಹೋಗಿಲ್ಲ, ಎರಡು ವರ್ಷಾತು.
"ಬಾಗಲಕೋಟಿ ಸಂತ್ಯಾಗ ತಂದೀನಿ" ಅಂದಿದ್ದ ಮೈದುನ ಮಾನಿಂಗ.
ಲಾಳಿ ಇಟ್ಟು ಹೊರಸಿನ ಕೆಳಗ ಬಗ್ಗಿದೆ.
ಬ್ಯಾಟರಿಗಿ ಸುಣ್ಣ ಬಳದಿತ್ತು. ಉಗುರಿಲೆ ಕೆರದೆ.
ಇಪ್ಪತ್ತಮೂರು.
ಆ ಬೆಳಕಿನಾಗ ನೇದ ಖಣ ಎಲ್ಲಾ ನೆನಪಾದವು,
ಯಾರ್ಯಾರ ಬೆನ್ನ ಮ್ಯಾಲ ಅದಾವೋ ಈಗ.

ರಾತ್ರಿ ಸಭಿ ಕರದರು. ಜೀಪು ಬಂತು.
"ಮುಂದಿನ ದೀಪ ಆರಸ್ರಿ" ಅಂದ್ವಿ. ಆರಿಸಿದರು.
ಅಷ್ಟೂ ಮಂದಿ ಸುಮ್ಮನ ನಿಂತು
ತಮ್ಮೂರು ಎಷ್ಟು ಕತ್ತಲೈತಿ ಅಂತ ನೋಡಿದರು.
ಎಳಿ ಬಿಚ್ಚಿ ಬೆರಳಾಡಿಸಿ ಓದಿದೆ:
ಹದಿನೇಳು ಒಂಟಿ, ಹದಿನಾರು ಜೋಡಿ,
ಎಂಟು ಗೇಣು ಬಯಲು.
ಅದಕ್ಕೂ ಮೊದಲ ಹೇಳಿದ್ದು ಇಪ್ಪತ್ತಮೂರರದು,
ಅದರ ಜೀವ ಯಾರ ಮನ್ಯಾಗ ಐತಿ ಅಂತ.
ನೀಲಾಂಬಿಕಾ ನನ್ನ ಕೈ ಹಿಡಕೊಂಡಳು, ಬಿಟ್ಟಳು, ಮತ್ತ ಹಿಡಕೊಂಡಳು.

ಸಾಹೇಬ್ರು ಬರಕೊಂಡು ಹ್ವಾದರು.
ಗುತ್ತಿಗಿಯವರಿಂದ ವಸೂಲಿ ಎಷ್ಟಾತು, ಕಾಗದ ಇನ್ನೂ ಬಂದಿಲ್ಲ;
ಅದಕ್ಕೂ ಅರ್ಜಿ ಹಾಕೀವಿ, ಇವತ್ತಿಗಿ ಮೂವತ್ತೊಂದು ದಿನ.
ಮಾನಿಂಗ ನನ್ನ ಕೂಡ ಮಾತಾಡೂದಿಲ್ಲ,
ರೊಟ್ಟಿ ಮಾತ್ರ ನನ್ನ ಕೈಲಿಂದಽ ತಿಂತಾನ.
ಕರೆಂಟ್ ಹೋದರ ಲಾಳಿ ನಿಂದರತೈತಿ.

ನಮ್ಮ ಗ್ವಾಡಿ ಆಚಿಗಿ ಇಪ್ಪತ್ತಮೂರನೇ ಕಂಬ.
ಅದರ ಬುಡಕ ನೀಲಾಂಬಿಕಾನ ತಮ್ಮ ಕುಂತು
ಮಗ್ಗಿ ಬಾಯಿಪಾಠ ಮಾಡತಾನ,
"ಮೂರೆಂಟಲೆ ಇಪ್ಪತ್ತಮೂರು."
ಕತ್ತಲಿ ಮಗ್ಗದ ಮುಂದ ಕುಂತಲ್ಲಿಂದಽ ಒದರತೀನಿ,
"ಇಪ್ಪತ್ನಾಕಲೋ!
ಸರಿಯಾಗಿ ಎಣಸು."